ಮಾಡೋಣ ಎಂಬ ಕ್ರಿಯಾಪದ

‘ಮಾಡೋಣ’ ಎಂಬುದು ಉತ್ತಮ ಪುರುಷ, ಬಹುವಚನ ಎಂದು ಹೈಸ್ಕೂಲಿನಲ್ಲಿ ನಮಗೆ ವ್ಯಾಕರಣ ಕಲಿಸಿದ ಮೇಷ್ಟರಿಗೆ ಆಗಿನ್ನೂ ಮದುವೆಯಾಗಿರಲಿಲ್ಲವೆಂದು ಕಾಣುತ್ತದೆ. ಇಪ್ಪತ್ತಾರು ವರ್ಷದ ಸಂಸಾರದ ಅನುಭವದ ಮೇಲೆ ಹೇಳುತ್ತೇನೆ, ಅದು ಮಧ್ಯಮ ಪುರುಷ, ಏಕವಚನ, ಸ್ತ್ರೀಲಿಂಗ. ‘ಕಾಫಿ ಮಾಡೋಣವಾ?’ ಎಂದರೆ ಯಾರೋ ಒಬ್ಬರು ಏಳಬೇಕು. ಯಾರು ಎಂದು ಈವರೆಗೆ ಯಾವ ಮನೆಯಲ್ಲೂ ಚರ್ಚೆಯಾಗಿಲ್ಲ. ಹೀಗಿರುವಾಗ ಹೋದ ವರ್ಷ ಮಹಾಲಯ ಅಮಾವಾಸ್ಯೆಗೆ ಹದಿನೈದು ದಿನ ಇದೆ ಎನ್ನುವಾಗ ನಮ್ಮ ಯಜಮಾನರು ಪೇಪರು ಮಡಿಸಿಟ್ಟು, ‘ಈ ಸಲ ದಸರಾಕ್ಕೆ ದುಂದುವೆಚ್ಚ ಬೇಡ ಕಣೇ. ಅಲಂಕಾರ, ಗೊಂಬೆ ನೋಡೋಕೆ ಬಂದವರಿಗೆ ಕೊಡೋ ಉಡುಗೊರೆ, ಎಲ್ಲ ಮನೇಲೇ ಮಾಡೋಣ’ ಎಂದಾಗ ನನ್ನ ಸೊಂಟ ಮುಂಗಡವಾಗಿಯೇ ನೋಯಲಾರಂಭಿಸಿತು.

ಈ ಜ್ಞಾನೋದಯಕ್ಕೆ ಕಾರಣ ನಲವತ್ತು ಸೆಕೆಂಡಿನ ಒಂದು ವಿಡಿಯೊ. ಇಂಥ ವಿಡಿಯೊಗಳಲ್ಲಿ ನೀಟಾಗಿ ಉಗುರುಬಣ್ಣ ಹಚ್ಚಿದ ಎರಡು ಕೈಗಳಿರುತ್ತವೆ, ತಲೆ ಇರುವುದಿಲ್ಲ. ಆ ಕೈಗಳು ಖಾಲಿ ಬಾಟಲಿಯೊಂದನ್ನು ಎತ್ತಿಕೊಳ್ಳುತ್ತವೆ, ಬಣ್ಣ ಬಳಿಯುತ್ತವೆ, ಒಂದು ಸುತ್ತು ಲೇಸು, ನಾಲ್ಕು ಕುಂದನ್ ಕಲ್ಲು, ಮುಗಿಯಿತು, ಹೂದಾನಿ. ಬಾಟಲಿ ತೊಳೆಯುವುದು ವಿಡಿಯೊದಲ್ಲಿಲ್ಲ. ಅದರ ಮೈಗೆ ಅಂಟಿದ ಲೇಬಲ್ಲನ್ನು ಬಿಸಿನೀರಲ್ಲಿ ನೆನೆಹಾಕಿ, ಕೊಬ್ಬರಿ ಎಣ್ಣೆಗೆ ಅಡುಗೆ ಸೋಡ ಕಲಸಿ ತಿಕ್ಕಿ, ಕೊನೆಗೆ ದೋಸೆ ಮಗುಚುವ ಕೈಯಲ್ಲಿ ಹೆರೆಯುವುದು ಅದರಲ್ಲಿಲ್ಲ. ಬಣ್ಣ ಒಣಗುವ ತನಕ ಊಟದ ಮೇಜು ಬಿಟ್ಟುಕೊಟ್ಟು ನೆಲದ ಮೇಲೆ ಕೂತು ಉಣ್ಣುವುದಂತೂ ಇಲ್ಲವೇ ಇಲ್ಲ.

ಎಲ್ಲಕ್ಕಿಂತ ಮೊದಲು ಬಾಟಲಿಯೇ ಇಲ್ಲ. ನಮ್ಮದು ಸಾರು, ಹುಳಿ, ಮಜ್ಜಿಗೆಯ ಮನೆ. ಇಪ್ಪತ್ತೈದು ಬಾಟಲಿ ಖಾಲಿಯಾಗಬೇಕಾದರೆ ಮೂರು ತಲೆಮಾರು ಬೇಕು. ಹೀಗಾಗಿ ಹಳೇ ಪೇಪರಿನ ಅಂಗಡಿಗೆ ಹೋದೆ. ಇಷ್ಟು ವರ್ಷ ನಾನು ಹಾಕಿದ ರದ್ದಿಯನ್ನು ತಕ್ಕಡಿಯಲ್ಲಿ ಮೋಸ ಮಾಡಿಯೇ ಕೊಂಡವನು, ಮೊದಲ ಸಲ ನಾನೇ ಗಿರಾಕಿಯಾಗಿ ನಿಂತದ್ದು ನೋಡಿ ಒಂದಕ್ಕೆ ಹತ್ತು ರೂಪಾಯಿ ಅಂದ. ‘ನೀನು ಕೊಂಡಿದ್ದು ಒಂದು ರೂಪಾಯಿಗಲ್ವೇನಪ್ಪ?’ ಎಂದರೆ, ‘ಹಬ್ಬದ ಸೀಸನ್ ಅಮ್ಮಾ, ಎಲ್ಲರೂ ಮನೇಲೇ ಮಾಡ್ತಾ ಇದಾರೆ’ ಎಂದ. ಕುಂಕುಮ, ಕಾಲುಂಗುರ, ಮಾಂಗಲ್ಯಸಮೇತಳಾಗಿ ಎರಡು ಚೀಲದ ತುಂಬ ವಿಸ್ಕಿ ಬಾಟಲಿ ಹೊತ್ತು, ಹೆಜ್ಜೆಗೊಮ್ಮೆ ಕಿಣಿಕಿಣಿ ಎನ್ನಿಸುತ್ತ ನಮ್ಮ ರಸ್ತೆಯಲ್ಲಿ ನಡೆದು ಬಂದೆ. ಆ ಸಂಜೆಯಿಂದ ಕೆಳಮನೆಯವರು ಯಜಮಾನರನ್ನು ಕನಿಕರದಿಂದ ನೋಡುತ್ತಿದ್ದಾರೆ. ಯಾರ ಮೇಲಿನ ಕನಿಕರ ಎಂಬುದು ಇನ್ನೂ ಗೊತ್ತಾಗಿಲ್ಲ.

ಮುಂದಿನದು ಚಿಕ್ಕಪೇಟೆ. ಕಾಸು ಉಳಿಸಬೇಕೆಂದು ಹೊರಟವರು ಕಾಸು ಕಳೆದುಕೊಳ್ಳಲು ಬೆಂಗಳೂರಿನಲ್ಲಿ ಅದಕ್ಕಿಂತ ಪ್ರಶಸ್ತವಾದ ಜಾಗವಿಲ್ಲ. ಅಲ್ಲಿ ಯಾವುದೂ ದುಬಾರಿಯಲ್ಲ, ಅದೇ ಅಪಾಯ. ಲೇಸು ಮೀಟರಿಗೆ ಕೊಡುವುದಿಲ್ಲ, ಇಡೀ ಸುರುಳಿಯನ್ನೇ ತಗೊಳ್ಳಬೇಕು. ಕುಂದನ್ ಕಲ್ಲು ಡಜನ್ನಿನಲ್ಲಿಲ್ಲ, ಪ್ಯಾಕೆಟ್ಟಿನಲ್ಲಿದೆ. ಮನೆಗೆ ಬಂದ ಮೇಲೆ ಯಜಮಾನರು ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಹಾಳೆಯಲ್ಲಿ ಲೆಕ್ಕ ಬರೆದರು. (ಅವರ ಪಾಲಿನ ಕೆಲಸ ಇದು. ಅನ್ಯಾಯ ಹೇಳಬಾರದು, ಅದನ್ನು ಅಚ್ಚುಕಟ್ಟಾಗಿ ಮಾಡಿದರು.) ಬಾಟಲಿ 250, ಬಣ್ಣ 640, ಅಂಟಿನ ಗನ್ನು 350, ಅದಕ್ಕೆ ಕಡ್ಡಿ 120, ಲೇಸು 900, ಕಲ್ಲು 300, ಮೆಟ್ರೊ ಮತ್ತು ಆಟೊ 280. ಒಟ್ಟು 2,840. ಅಂದರೆ ಬಾಟಲಿಯೊಂದಕ್ಕೆ 113 ರೂಪಾಯಿ 60 ಪೈಸೆ. ಪ್ರತಿ ವರ್ಷ ನಾನು ಕೊಡುತ್ತಿದ್ದ ಅರಿಸಿನ ಕುಂಕುಮದ ಜೋಡಿ ಬಟ್ಟಲಿಗೆ ಅರವತ್ತು. ಇದನ್ನು ತೋರಿಸಿದರೆ ಅವರು ಒಂದಿಷ್ಟೂ ಕದಲಲಿಲ್ಲ. ‘ಹಾಗಲ್ಲ ಲೆಕ್ಕ. ಇಂಥದೇ ಹೂದಾನಿ ಆನ್‌ಲೈನಿನಲ್ಲಿ 499. ಇಪ್ಪತ್ತೈದಕ್ಕೆ 12,475. ನಾವು ಉಳಿಸಿದ್ದು 9,635’ ಎಂದು ಆ ಅಂಕಿಗೆ ಹಸಿರು ಬಣ್ಣ ಹಚ್ಚಿದರು. ನಾವು ಎಂದೂ ಕೊಳ್ಳದೆ ಇದ್ದ ವಸ್ತುವನ್ನು ಕೊಳ್ಳದೆ ಇಷ್ಟು ಹಣ ಉಳಿಸಬಹುದಾದರೆ, ವಿಮಾನ ಕೊಳ್ಳದೆ ಇರುವ ನಾವು ಈಗಾಗಲೇ ಕೋಟ್ಯಧಿಪತಿಗಳು.

ಅದೇ ಹಾಳೆಯಲ್ಲಿ ‘ಕೂಲಿ’ ಎಂದೊಂದು ಸಾಲಿತ್ತು. ಅದರ ಮುಂದೆ ಒಂದು ಸಣ್ಣ ಅಡ್ಡಗೀಟು.

ಹನ್ನೊಂದು ರಾತ್ರಿ, ಪಾತ್ರೆ ತೊಳೆದು ಮುಗಿಸಿದ ಮೇಲೆ ಹನ್ನೆರಡೂವರೆಯ ತನಕ ಕೂತು ಬೆರಳಿಗೆ ಬಿಸಿ ಅಂಟು ಸುರಿದುಕೊಂಡವಳ ಆತ್ಮಚರಿತ್ರೆ ಆ ಅಡ್ಡಗೀಟು. ಮನೆಯಲ್ಲಿ ಮಾಡಿದ್ದು ಯಾಕೆ ಅಗ್ಗ ಎಂಬ ಅರ್ಥಶಾಸ್ತ್ರದ ಗುಟ್ಟೆಲ್ಲ ಅಲ್ಲಿಯೇ ಇದೆ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸು ಅದರಲ್ಲಿ ದಿನಕ್ಕೆ ಸರಾಸರಿ 289 ನಿಮಿಷ ಕಳೆಯುತ್ತಾಳೆ, ಗಂಡಸು 88 ನಿಮಿಷ ಎಂದು ಲೆಕ್ಕ ಸಿಕ್ಕಿದೆ. ಆ 88 ನಿಮಿಷದ ಗಂಡಸರು ಯಾವ ಬಡಾವಣೆಯಲ್ಲಿದ್ದಾರೋ ಗೊತ್ತಾದರೆ ಒಂದು ದಿನ ಹೋಗಿ ನೋಡಿಕೊಂಡು ಬರುವ ಆಸೆಯಿದೆ. ಹಬ್ಬ ಬಂತೆಂದರೆ ನಮ್ಮ 289 ಎಷ್ಟಕ್ಕೆ ಏರುತ್ತದೆಂದು ಅಳೆಯಲು ಸಮೀಕ್ಷೆಯವರು ನವರಾತ್ರಿಯಲ್ಲಿ ಬಂದು ಬಾಗಿಲು ತಟ್ಟಬೇಕು. ತಟ್ಟಿದರೆ ತೆರೆಯುವುದಕ್ಕೆ ಯಾರಿಗೂ ಕೈ ಬಿಡುವಿರುವುದಿಲ್ಲ, ಅದು ಬೇರೆ ಮಾತು.

ನಮ್ಮ ಮಹಡಿಯ ಮೂರನೇ ಕ್ಲಾಸಿನ ಹುಡುಗಿಗೂ ಅದೇ ವಾರ ಶಾಲೆಯಲ್ಲಿ ‘ಕಸದಿಂದ ರಸ’ ಸ್ಪರ್ಧೆ. ರಾತ್ರಿ ಒಂಬತ್ತಕ್ಕೆ ಅವಳ ತಾಯಿ ಬಂದು, ‘ಆಂಟಿ, ನಿಮ್ಮನೇಲಿ ಚೆನ್ನಾಗಿರೋ ಕಸ ಇದೆಯಾ?’ ಎಂದು ಕೇಳಿದಳು. ಇರಲಿಲ್ಲ. ಕೊನೆಗೆ ಸ್ಟೇಷನರಿ ಅಂಗಡಿಯಿಂದ ಹೊಚ್ಚ ಹೊಸ ಐಸ್‌ಕ್ರೀಂ ಕಡ್ಡಿಯ ಎರಡು ಪ್ಯಾಕೆಟ್, ಬಳಸದ ಪೇಪರ್ ಲೋಟ ಐವತ್ತು, ಯಾವ ಹಾಡನ್ನೂ ಕೇಳದ ಖಾಲಿ ಸಿ.ಡಿ. ಹತ್ತು ಕೊಂಡು ತಂದಳು. ರಾತ್ರಿಯೆಲ್ಲ ಕೂತು ತಾಯಿ ವಿಧಾನಸೌಧ ಕಟ್ಟಿದಳು, ಮಗಳು ನಿದ್ದೆ ಮಾಡಿದಳು, ಬೆಳಗ್ಗೆ ಮಗಳಿಗೆ ಎರಡನೆಯ ಬಹುಮಾನ ಬಂತು. ಮೊದಲನೆಯದು ಇಂಜಿನಿಯರ್ ತಂದೆಯಿದ್ದ ಮಗುವಿಗೆ. ಸಂಜೆ ವಿಧಾನಸೌಧ ಕಸದ ಡಬ್ಬಿಗೆ ಹೋಯಿತು. ರಸದಿಂದ ಕಸ ಮಾಡುವ ಈ ವಿದ್ಯೆಯಲ್ಲಿ ನಮ್ಮ ಮಕ್ಕಳು ಚಿಕ್ಕಂದಿನಲ್ಲೇ ತರಬೇತಾಗುತ್ತಿರುವುದರಿಂದ ನಾಡಿನ ಭವಿಷ್ಯದ ಬಗ್ಗೆ ನನಗೆ ಚಿಂತೆಯಿಲ್ಲ.

ಕಸವೇ ಇಲ್ಲವೆಂದೆನಲ್ಲ, ಅದು ಪೂರ್ತಿ ಸತ್ಯವಲ್ಲ. ನಮ್ಮ ಸಜ್ಜಾದ ಮೇಲಿದೆ. ಆದರೆ ಅದನ್ನು ಕಸ ಎಂದರೆ ಯಜಮಾನರು ಊಟ ಬಿಡುತ್ತಾರೆ. ‘ಬೇಕಾಗುತ್ತೆ’ ಎಂಬ ಶೀರ್ಷಿಕೆಯಡಿ ಇಪ್ಪತ್ತು ವರ್ಷದಿಂದ ಸಂಗ್ರಹವಾದ ಆ ನಿಧಿಯಲ್ಲಿ ಮಿಠಾಯಿ ಡಬ್ಬಗಳು, ಮದುವೆ ಕಾಗದಗಳ ಗಣಪತಿಗಳು, ಎರಡು ಫ್ರಿಡ್ಜು ಮತ್ತು ಒಂದು ಟಿ.ವಿ.ಯ ಜೊತೆ ಬಂದ ಥರ್ಮಕೋಲ್ ಇವೆ. 2022ರ ಜುಲೈ 1ರಿಂದ ಅಲಂಕಾರದ ಥರ್ಮಕೋಲನ್ನು ದೇಶದಲ್ಲೆಲ್ಲ ನಿಷೇಧಿಸಿದ್ದಾರಲ್ಲ ಎಂದು ನಾನು ಹೇಳಿದೆ. ಅವರು ನ್ಯಾಯಾಧೀಶರ ಹಾಗೆ ಕನ್ನಡಕ ಸರಿಮಾಡಿಕೊಂಡು, ‘ನಿಷೇಧ ಇರೋದು ಅಲಂಕಾರದ್ದಕ್ಕೆ. ಇದು ಪ್ಯಾಕಿಂಗಿಂದು’ ಎಂದು ತೀರ್ಪಿತ್ತು, ಪ್ಯಾಕಿಂಗಿನದನ್ನು ಕಮಾನಿನ ಆಕಾರಕ್ಕೆ ಕತ್ತರಿಸುವಂತೆ ನನಗೆ ಚಾಕು ಕೊಟ್ಟರು. ಅಪರಾಧ ಯಾವ ಕ್ಷಣದಲ್ಲಿ ಜರುಗಿತು, ಅಪರಾಧಿ ಯಾರು, ಓದುಗರೇ ಹೇಳಲಿ. ಅದರ ಬಿಳಿ ಕಾಳುಗಳು ಮಾತ್ರ ಇವತ್ತಿಗೂ ಪೊರಕೆಗೆ ಸಿಗದೆ ಗಾಳಿಯಲ್ಲಿ ಓಡಾಡಿಕೊಂಡಿವೆ.

ಮೈಸೂರಿನ ವಠಾರದಲ್ಲಿದ್ದ ನನ್ನ ಅಜ್ಜಿ ಗೊಂಬೆ ಕೂರಿಸುತ್ತಿದ್ದಳು. ಅವಳಿಗೆ ‘ಮಿತವ್ಯಯ’ ಎಂಬ ಮಾತು ಗೊತ್ತಿರಲಿಲ್ಲ, ದುಡ್ಡಿಲ್ಲ ಎಂಬುದು ಗೊತ್ತಿತ್ತು. ಮೆಟ್ಟಿಲಿಗೆ ಕೆಳಗೆ ಟ್ರಂಕು, ಅದರ ಮೇಲೆ ಸೀಮೆಎಣ್ಣೆ ಡಬ್ಬ, ಅದರ ಮೇಲೆ ಅಜ್ಜನ ಕಾನೂನು ಪುಸ್ತಕ. ಎಲ್ಲದರ ಮೇಲೆ ಒಗೆದ ಪಂಚೆ ಹೊದಿಸಿದರೆ ಅರಮನೆ. ರಕ್ತಚಂದನದ ಪಟ್ಟದ ಗೊಂಬೆಗಳಿಗೆ ಹರಿದ ಸೀರೆಯ ಜರತಾರಿ ಅಂಚು. ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿದರೆ ಐದು ದಿನಕ್ಕೆ ಹಸಿರು ಪಾರ್ಕು, ಒಡೆದ ಕನ್ನಡಿ ಇಟ್ಟರೆ ಕೆರೆ, ಅದರ ಮೇಲೆ ಒಂದು ಪ್ಲಾಸ್ಟಿಕ್ ಬಾತುಕೋಳಿ. ಆ ಬಾತುಕೋಳಿಯೊಂದೇ ದುಡ್ಡು ಕೊಟ್ಟು ತಂದದ್ದು, ಅದಕ್ಕಾಗಿ ಅಜ್ಜಿ ಒಂದು ವಾರ ಪಶ್ಚಾತ್ತಾಪಪಟ್ಟಿದ್ದಳು. ಹತ್ತನೆಯ ದಿನ ಟ್ರಂಕು ಟ್ರಂಕಿನ ಜಾಗಕ್ಕೆ, ಪಂಚೆ ಅಜ್ಜನ ಸೊಂಟಕ್ಕೆ, ರಾಗಿ ಪೈರು ಪಕ್ಕದ ಮನೆಯ ಕರುವಿಗೆ. ಅಂಟು ಇರಲಿಲ್ಲವಾದ್ದರಿಂದ ಬಿಡಿಸುವುದಕ್ಕೆ ಏನೂ ಇರುತ್ತಿರಲಿಲ್ಲ. ಇದರ ವಿಡಿಯೊ ಮಾಡಿದ್ದರೆ ಯಾರೂ ನೋಡುತ್ತಿರಲಿಲ್ಲ ಬಿಡಿ. ಅಜ್ಜಿಯ ಉಗುರಿಗೆ ಹುಣಸೆಹಣ್ಣಿನ ಬಣ್ಣವಿತ್ತು.

ಈಗಿನ ‘ಕೈಯಲ್ಲಿ ಮಾಡಿದ್ದು’ ಬೇರೆ ಜಾತಿ. ಕೈಯಲ್ಲೇ ಮಾಡಿ ಹೊಟ್ಟೆ ಹೊರೆಯುವವರು ಚನ್ನಪಟ್ಟಣದಲ್ಲಿದ್ದಾರೆ. ಆಲೆ ಮರದ ತುಂಡನ್ನು ತಿರುಗಣಿಗೆ ಕೊಟ್ಟು, ತಿರುಗುವ ಮರಕ್ಕೆ ಅರಗಿನ ಬಣ್ಣದ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಅಂಟಿನ ಗನ್ನು ಬೇಡ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿ, ವಾಹನಗಳೆಲ್ಲ ಊರಿನ ಹೊರಗಿಂದಲೇ ಹಾರಿಹೋಗುವಂತಾದ ಮೇಲೆ ಹಳೇ ರಸ್ತೆಯ ಗೊಂಬೆ ಅಂಗಡಿಗಳ ಮುಂದೆ ನಿಲ್ಲುವ ಕಾರುಗಳು ಕಡಿಮೆಯಾದವು. ನಾವು ಹೋದ ವರ್ಷ ಹುಡುಕಿಕೊಂಡು ಇಳಿದೆವು. ಯಜಮಾನರು ಇನ್ನೂರೈವತ್ತರ ಒಂದು ಮರದ ರೈಲನ್ನು ಹಿಡಿದು, ‘ಇಷ್ಟು ಸಣ್ಣದಕ್ಕೆ ಇಷ್ಟಾ? ಕೈಯಲ್ಲಿ ಮಾಡಿದ್ದು ತಾನೆ, ನಿಮಗೇನು ಖರ್ಚು ಬಿದ್ದಿರುತ್ತೆ?’ ಎಂದು ನೂರೈವತ್ತಕ್ಕೆ ಕೇಳಿದರು. ಆ ಅಂಗಡಿಯಾತ ಏನೂ ಹೇಳದೆ ನನ್ನ ಕಡೆ ನೋಡಿದ. ನನ್ನ ಬೆರಳಿನ ಸುಟ್ಟ ಗಾಯವನ್ನೂ ಅವನ ಬೆರಳಿನ ಕಾಯಿಯನ್ನೂ ಒಟ್ಟಿಗೆ ನೋಡಿದ್ದರೆ ನಮ್ಮಿಬ್ಬರನ್ನೂ ಒಂದೇ ಅಡ್ಡಗೀಟಿನವರೆಂದು ಯಾರಾದರೂ ಹೇಳುತ್ತಿದ್ದರು. ಇನ್ನೂರೈವತ್ತನ್ನೇ ನಾನು ಕೊಟ್ಟೆ. ಎಕ್ಸೆಲ್ಲಿನಲ್ಲಿ ಅದು ಕೆಂಪು ಬಣ್ಣದಲ್ಲಿದೆ.

ಇರಲಿ, ಬಾಟಲಿಗಳಿಗೆ ಬರೋಣ. (ಈ ‘ಬರೋಣ’ ನಿಜವಾದ ಬಹುವಚನ.) ಮನೆಯಲ್ಲಿ ಮಾಡಿದ ಉಡುಗೊರೆಗೆ ಇರುವ ಘೋರ ದೋಷ ಅದು ಚಲಾವಣೆಯಾಗುವುದಿಲ್ಲ ಎಂಬುದು. ನಮ್ಮ ತಾಂಬೂಲದ ಬ್ಲೌಸ್ ಪೀಸು ರಿಸರ್ವ್ ಬ್ಯಾಂಕಿನ ನೋಟಿಗಿಂತ ನಂಬಿಕಸ್ಥ. ಅದನ್ನು ಯಾರೂ ಹೊಲಿಸುವುದಿಲ್ಲ, ಯಾರೂ ಬಿಸಾಡುವುದಿಲ್ಲ. ವರಮಹಾಲಕ್ಷ್ಮಿಗೆ ಹೊರಟದ್ದು ಗೌರಿಯ ಬಾಗಿನದಲ್ಲಿ ತಂಗಿ, ನವರಾತ್ರಿಯಲ್ಲಿ ಮಲ್ಲೇಶ್ವರ ಸುತ್ತಿ, ಸಂಕ್ರಾಂತಿಗೆ ಮನೆ ಸೇರುತ್ತದೆ. ಯಾರಿಗೂ ನಷ್ಟವಿಲ್ಲ, ಎಲ್ಲರಿಗೂ ಪುಣ್ಯ. ಜಗತ್ತಿನ ಮಿತವ್ಯಯಿಗಳೆಲ್ಲ ಬಂದು ಕಲಿಯಬೇಕಾದದ್ದು ಇದನ್ನು. ಆದರೆ ನನ್ನ ಬಾಟಲಿಯ ಮೇಲೆ, ಯಜಮಾನರ ಸಲಹೆಯಂತೆ, ಚಿನ್ನದ ಬಣ್ಣದಲ್ಲಿ ನಮ್ಮಿಬ್ಬರ ಹೆಸರಿತ್ತು. ಪಡೆದವರು ಅದನ್ನು ದಾಟಿಸುವ ಹಾಗಿಲ್ಲ, ಎಸೆಯುವ ಹಾಗಿಲ್ಲ. ನಾವು ಬರುತ್ತೇವೆಂದು ಫೋನ್ ಮಾಡಿದರೆ ಮಂಚದ ಕೆಳಗಿಂದ ತೆಗೆದು, ಧೂಳು ಒರೆಸಿ, ಟಿ.ವಿ. ಪಕ್ಕದಲ್ಲಿಡಬೇಕು. ಇಪ್ಪತ್ತೈದು ಮನೆಗಳಿಗೆ ನಾವೀಗ ಮುನ್ಸೂಚನೆ ಕೊಡದೆ ಹೋಗುವಂತಿಲ್ಲ.

ಕೊಟ್ಟ ದಿನವಂತೂ ಎಲ್ಲರೂ ‘ಅಯ್ಯೋ, ನೀವೇ ಮಾಡಿದ್ದಾ!’ ಎಂದರು. ಈ ಮಾತಿಗೆ ಕನ್ನಡದಲ್ಲಿ ಎರಡು ರಾಗಗಳಿವೆ. ನನಗೆ ಬಂದದ್ದು ಎರಡನೆಯದು. ದೂರದ ಸಂಬಂಧದ ಚಿಕ್ಕಪ್ಪ ಒಬ್ಬರು ಮಾತ್ರ ಬಾಟಲಿಯನ್ನು ಪ್ರೀತಿಯಿಂದ ಕೈಗೆತ್ತಿಕೊಂಡು, ಮೂರು ಪದರ ಬಣ್ಣದ ಅಡಿಯ ಆ ಚೌಕ ಹೆಗಲನ್ನು ಹೆಬ್ಬೆರಳಲ್ಲಿ ಸವರಿ, ಬ್ರಾಂಡಿನ ಹೆಸರನ್ನು ಯಜಮಾನರ ಕಿವಿಯಲ್ಲಿ ಹೇಳಿ, ಬೆನ್ನು ತಟ್ಟಿದರು. ಇಪ್ಪತ್ತೈದು ಬಾಟಲಿ ಮುಗಿಸಿದ ಗಂಡಸು ಎಂಬ ಗೌರವ ಆ ಶಾಖೆಯಲ್ಲಿ ಅವರಿಗೆ ಇನ್ನೂ ಇದೆ.

ದೀಪಾವಳಿಗೆ ಇಪ್ಪತ್ತು ದಿನವೂ ಉಳಿದಿರಲಿಲ್ಲ. ‘ಆಕಾಶಬುಟ್ಟಿಗೆ ನಾನೂರು ರೂಪಾಯಿ ಅಂತೆ. ಮನೇಲೇ ಮಾಡೋಣ’ ಎಂದರು.

ನಾನು ‘ಮಾಡಿ’ ಎಂದೆ.

ವ್ಯಾಕರಣ ಬದಲಾದದ್ದು ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಹಟಕ್ಕೆ ಬಿದ್ದರು. ಬಿದಿರು ತಂದರು, ಸೀಳಿದರು, ಬೆರಳು ಸೀಳಿಕೊಂಡರು, ದಾರ ಕಟ್ಟಿದರು. ನರಕ ಚತುರ್ದಶಿಯ ಬೆಳಗ್ಗೆ ಬಣ್ಣದ ಕಾಗದ ಅಂಟಿಸಲು ಮೈದಾಹಿಟ್ಟಿನ ಗೋಂದು ಕುದಿಸಿ ತಳ ಹತ್ತಿಸಿದರು. ಸಂಜೆಗೆ ಕಾಗದವಿಲ್ಲದ ಬಿದಿರಿನ ಹಂದರಕ್ಕೇ ಒಂದು ಬಲ್ಬು ಇಳಿಬಿಟ್ಟು ಬಾಲ್ಕನಿಯಲ್ಲಿ ನೇತುಹಾಕಿ, ಯಾರೊಂದಿಗೂ ಮಾತಾಡದೆ ಕೂತರು. ನನಗೆ ಒಂದಿಷ್ಟು ಪಾಪ ಅನ್ನಿಸಿತು, ಒಂದಿಷ್ಟೇ.

ಎದುರು ಮನೆಗೆ ಹೊಸದಾಗಿ ಬಂದ ದಂಪತಿ ಪಟಾಕಿ ಹೊಡೆಯುವುದನ್ನು ನಿಲ್ಲಿಸಿ ಮೇಲೆ ನೋಡಿದರು. ‘ಅಂಕಲ್, ಸೂಪರ್! ಎಷ್ಟು ಮಿನಿಮಲ್ ಆಗಿದೆ! ಕೈಯಲ್ಲೇ ಮಾಡಿದ್ದಾ? ಮುಂದಿನ ವರ್ಷ ನಮಗೂ ಒಂದು ಮಾಡಿಕೊಡ್ತೀರಾ?’

ಯಜಮಾನರು ಎದ್ದು ನಿಂತರು. ಮುಖದಲ್ಲಿ ನೂರು ದೀಪ. ಕಟ್ಟು ಹಾಕಿದ ಬೆರಳನ್ನು ಬೆನ್ನ ಹಿಂದೆ ಮರೆಮಾಡಿ, ನನ್ನ ಕಡೆ ಒಮ್ಮೆ ತಿರುಗಿ ನೋಡಿ, ‘ಅದಕ್ಕೇನಂತೆ,’ ಎಂದರು, ‘ಮಾಡೋಣ.’