ಮೊನೆಮೀಮಾಂಸೆ: ಐದು ತಾಲ್ಲೂಕಿನ ಅಡ್ಡಬಿಲ್ಲಿನ ಬಗ್ಗೆ ಒಂದು ಅನಗತ್ಯ ಸಂಶೋಧನೆ

ಶರಶಾಸ್ತ್ರದಲ್ಲಿ ಇನ್ನೂ ಇತ್ಯರ್ಥವಾಗದ ಪ್ರಶ್ನೆಯೊಂದಿದೆ. ಅಡ್ಡಬಿಲ್ಲಿನ ಬಾಣಕ್ಕೆ ಕಲಿಕೆಗೆಂದು ಸಿಕ್ಕಿಸುವ ಗುಂಡುಮೊನೆ, ಬೇಟೆಗೆಂದು ಸಿಕ್ಕಿಸುವ ಅಲಗುಮೊನೆ ಎರಡೂ ಒಂದೇ ತೂಕದವಾದರೂ ಒಂದೇ ಕಡೆ ಏಕೆ ನಾಟುವುದಿಲ್ಲ? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ. ಸಂಶೋಧನೆಗೆ ಇದಕ್ಕಿಂತ ದೊಡ್ಡ ಅರ್ಹತೆ ಬೇಕೆ? ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಹೊಸಪೇಟೆಯನ್ನು ಬುದ್ಧಿಪೂರ್ವಕ ಕೈಬಿಟ್ಟಿದ್ದೇನೆ. ಅಲ್ಲಿನ ಹಂಪಿಯ ಒಂದೊಂದು ಕಲ್ಲಿನ ಮೇಲೂ ಒಬ್ಬೊಬ್ಬ ಡಾಕ್ಟರೇಟಿನವರು ಟವೆಲ್ ಹಾಕಿ ಸೀಟು ಹಿಡಿದಿದ್ದಾರೆ.

ಮೊದಲು ತೂಕದ ವಿಚಾರ. ಪರದೇಶದಲ್ಲಿ ಮೊನೆಗಳನ್ನು ಗ್ರೇನ್ ಲೆಕ್ಕದಲ್ಲಿ ಮಾರುತ್ತಾರೆ. 100 ಗ್ರೇನಿನದಕ್ಕೆ ಗಿರಾಕಿ ಹೆಚ್ಚು. ಗ್ರೇನ್ ಎಂದರೆ ಕಾಳು, ಮೂಲದಲ್ಲಿ ಜವೆಗೋಧಿಯ ಕಾಳು. ಅವರು ಜವೆ ಹಿಡಿದರು, ನಮ್ಮ ಅಕ್ಕಸಾಲಿಗರು ಗುಲಗಂಜಿ ಹಿಡಿದರು. 100 ಗ್ರೇನ್ ಎಂದರೆ 6.48 ಗ್ರಾಂ, ಸುಮಾರು 53 ಗುಲಗಂಜಿ, ಅರ್ಧ ತೊಲಕ್ಕಿಂತ ತುಸು ಮೇಲೆ. ಕುಲುಮೆಯಲ್ಲಿ ಎರಡು ಮೊನೆ ಬಡಿಸಿಕೊಂಡು ಕೊಟ್ಟೂರಿನ ಅಕ್ಕಸಾಲಿಗರೊಬ್ಬರ ತಕ್ಕಡಿಗೆ ಹಾಕಿಸಿದೆ.

“ಇದರಾಗ ಬಂಗಾರ ಎಷ್ಟೈತ್ರಿ ಸಾರ್?”

“ಬಂಗಾರ ಇಲ್ಲ, ಬರೀ ಜ್ಞಾನ.”

“ಹಂಗಾರ ಒತ್ತಿ ಇಟ್ಕಳಾಕ ಬರಂಗಿಲ್ಲ ಬಿಡ್ರಿ.”

ತೂಕವಂತೂ ಸಮವಾಯಿತು. ಆದರೆ ಗಾಳಿಗೆ ತಕ್ಕಡಿ ಗೊತ್ತಿಲ್ಲ. ಬಾಣದ ದಾರಿ ಕಾಯುವುದು ಹಿಂಬದಿಯ ಗರಿ. ಅಗಲ ಅಲಗನ್ನು ಮುಂದೆ ಸಿಕ್ಕಿಸಿದೊಡನೆ ಅದೂ ಗರಿಯ ಹಾಗೆ ಗಾಳಿ ಹಿಡಿದು ತನ್ನ ಕಡೆಗೆ ಎಳೆಯತೊಡಗುತ್ತದೆ. ಒಂದೇ ಬಂಡಿಗೆ ಹಿಂದೊಬ್ಬ, ಮುಂದೊಬ್ಬ ಗಾಡಿಕಾರ. ಅಡ್ಡಬಿಲ್ಲಿನ ಬಾಣವೋ ಇಪ್ಪತ್ತು ಅಂಗುಲದ ಆಸುಪಾಸಿನ ಮೋಟು, ವೇಗವೋ ವಿಪರೀತ. ಮೊನೆ ಕೂದಲೆಳೆಯಷ್ಟು ಸೊಟ್ಟ ಕೂತರೂ ಜಗಳ ಗುರಿಯ ಹತ್ತಿರ ಮೊಳದಷ್ಟಾಗಿರುತ್ತದೆ. ಮೊನೆಯನ್ನು ನೆಲಕ್ಕೂರಿ ಬಾಣವನ್ನು ಬುಗುರಿಯಂತೆ ತಿರುಗಿಸಿ, ನಡುಗಿದರೆ ಬಿಚ್ಚಿ ಮತ್ತೆ ಕೂರಿಸಬೇಕು. ಹಾರುವಾಗ ಮಡಚಿಕೊಂಡಿದ್ದು ನಾಟಿದ ಮೇಲೆ ಬಿಚ್ಚಿಕೊಳ್ಳುವ ಅಲಗೂ ಇದೆ. ಅದು ಹೆಚ್ಚುಕಡಿಮೆ ಗುಂಡುಮೊನೆಯಷ್ಟೇ ಸಭ್ಯವಾಗಿ ಹಾರುತ್ತದೆ. ಹೆಣ್ಣು ನೋಡಲು ಬಂದ ದಿನದ ಬೀಗರನ್ನು ಬಲ್ಲವರಿಗೆ ಇದರ ಯಂತ್ರರಚನೆ ವಿವರಿಸಬೇಕಿಲ್ಲ.

ಇನ್ನು ಕ್ಷೇತ್ರಕಾರ್ಯ. ಗುಡೇಕೋಟೆ, ಜರಿಮಲೆ, ಹರಪನಹಳ್ಳಿಯ ಪಾಳೆಯಗಾರರು ಬೇಡ ಮನೆತನದವರು. ಬಿಲ್ಲು ಅಲ್ಲಿ ಸಿಗಲೇಬೇಕು ಎಂಬುದು ನನ್ನ ಪೂರ್ವಪಕ್ಷ. ಹೋಗಿ ನೋಡಿದರೆ ಗುಡೇಕೋಟೆ ಈಗ ಕರಡಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದ್ದಲ್ಲದೆ, ಆಯುಧ ಎಂದರೇನು ಎಂದು ಹೇಳುವಾಗ ಬಿಲ್ಲುಬಾಣವನ್ನು ಮರೆಯದೆ ಹೆಸರಿಸಿದೆ. ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರ ಕೆರೆಯ 98.76 ಹೆಕ್ಟೇರೂ ಹಕ್ಕಿಗಳ ಪಾಲಾಗಿ, ಜೌಗುನೆಲಗಳ ರಾಮ್‌ಸಾರ್ ಪಟ್ಟಿ ಸೇರಿದೆ. ಹೀಗಾಗಿ ಬೇಟೆಮೊನೆ ಎಂಬ ಪದಾರ್ಥವೇ ನೈಯಾಯಿಕರು ಹೇಳುವ ಅಭಾವ. ಉಳಿದದ್ದು ಕಲಿಕೆ ಮಾತ್ರ, ಅದೂ ಆಜೀವ.

ಜೋಳದ ಹೊಲದ ಅಟ್ಟಣೆಯ ಮೇಲೆ ಕವಣೆ ಹಿಡಿದು ಹಕ್ಕಿ ಕಾಯುತ್ತಿದ್ದ ಅಜ್ಜನೊಬ್ಬ ಸಿಕ್ಕ. ಕಲಿಕೆಯ ಕಲ್ಲಿಗೂ ಕಾಯಕದ ಕಲ್ಲಿಗೂ ಇರುವ ತಾತ್ತ್ವಿಕ ಭೇದವೇನು ಎಂದು ಕೇಳಿದೆ.

“ಕಲಿಯಾಕ ಒಂದು, ಬೀಸಾಕ ಒಂದು ಅಂತ ಯಾರ್ ಇಟ್ಕಂತಾರ ತಮ್ಮಾ? ಯಾವ ಕಲ್ಲು ಬೀಸಬೇಕೋ ಅದರಾಗ ಕಲಿಬೇಕು.”

ನೂರು ಪುಟದಲ್ಲಿ ನಾನು ಹೇಳಬೇಕೆಂದಿದ್ದ ಸಿದ್ಧಾಂತ ಇದೇ. ಆದ್ದರಿಂದ ಅಜ್ಜನ ಹೇಳಿಕೆ ಪ್ರಕ್ಷಿಪ್ತವೆಂದು ಗುರುತು ಹಾಕಿಕೊಂಡೆ.

ಮೊನೆಯಾಯಿತು, ಇನ್ನು ಗುರಿ. ಚಲಿಸುವ ಗುರಿಗೆ ಹರಪನಹಳ್ಳಿಗಿಂತ ಒಳ್ಳೆಯ ಉದಾಹರಣೆಯಿಲ್ಲ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಊರು ಕೂತಲ್ಲಿಂದ ಅಲುಗದೆ ಜಿಲ್ಲೆ ಸುತ್ತಿತು. ಯಾವ ಮೊನೆ ಹಾಕಿದರೂ ಅರ್ಜಿ ಹಳೆಯ ಕಚೇರಿಗೇ ನಾಟುವ ಕಾಲವೊಂದಿತ್ತು.

ಕೊನೆಗೆ ಬಿಲ್ಲು ಕಂಡದ್ದು ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಗೆ ಹೋದಾಗ. ಎರಡು ಮೂರು ಆಳೆತ್ತರದ ಬಿಲ್ಲು. ಆದರೆ ಅದಕ್ಕೆ ಯಾರೂ ಬಾಣ ಹೂಡುವುದಿಲ್ಲ. ಕಾರ್ಣಿಕ ನುಡಿಯಲು ಉಪವಾಸವಿದ್ದ ಗೊರವಯ್ಯ ತಾನೇ ಅದನ್ನು ಏರುತ್ತಾನೆ. “ಸದ್ದಲೇ” ಎಂದೊಡನೆ ಡೆಂಕನ ಮರಡಿಯ ಲಕ್ಷಾಂತರ ಜನ ಗಪ್‌ಚಿಪ್. ಒಂದೇ ಒಂದು ವಾಕ್ಯ ಹೊರಡುತ್ತದೆ, ಗೊರವಯ್ಯ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಮಾತು ಮಳೆಗೋ, ಬೆಳೆಗೋ, ಬೆಂಗಳೂರಿನ ಕುರ್ಚಿಗೋ ಎಂಬ ಚರ್ಚೆ ಬಸ್‌ಸ್ಟ್ಯಾಂಡಿನಲ್ಲಿ ಶುರುವಾಗುತ್ತದೆ. ಬಾಣ ಮೊದಲು ಬಿದ್ದು, ಗುರಿಯನ್ನು ಆಮೇಲೆ ಅದರ ಸುತ್ತ ಬರೆಯುವ ಈ ಕ್ರಮದಲ್ಲಿ ಮೊನೆ ಹೊಂದಿಸುವ ತಾಪತ್ರಯವೇ ಇಲ್ಲ. ಪಾಶ್ಚಾತ್ಯ ಶರಶಾಸ್ತ್ರಜ್ಞರು ಇತ್ತ ಗಮನ ಕೊಡದಿರುವುದು ಶೋಚನೀಯ.

ನನ್ನ ಮೊನೆಗಳನ್ನು ಅಲ್ಲೇ ಅಂಗೈಯಲ್ಲಿಟ್ಟು ನೋಡುತ್ತಿದ್ದಾಗ ಹುಡುಗನೊಬ್ಬ ಬಗ್ಗಿ ಗುಂಡುಮೊನೆಯನ್ನು ಮುಟ್ಟಿದ. “ಸಾರ್, ಬುಗುರಿಗೆ ಮೊಳಿ ಮಾಡಾಕ ಚಲೋ ಐತಿ, ಕೊಡ್ರಿ.” ಕೊಟ್ಟೆ. ಸಂಜೆಯೊಳಗೆ ಎಲ್ಲೋ ಕೂರಿಸಿಕೊಂಡು ಬಂದು, ದಾರ ಸುತ್ತಿ ಬಿಟ್ಟ. ಒಂದಿಷ್ಟೂ ನಡುಗದೆ ತಿರುಗಿತು. ಅಲಗುಮೊನೆ ನನ್ನ ಜೇಬಿನಲ್ಲೇ ಉಳಿಯಿತು. ಈವರೆಗೆ ಅದರ ಬೇಟೆ ಆ ಜೇಬೊಂದೇ.