ರಸೀದಿ ಕೇಳಿದವನೇ ಪಾಪಿ

1929ರಲ್ಲಿ ಫ್ರಾನ್ಸ್‌ನ ರಗ್ಬಿ ಚಾಂಪಿಯನ್ ಪಟ್ಟ ಕಿಯಾನ್ ಎಂಬ ಊರಿನ ಪಾಲಾಯಿತು. ಪಿರನೀಸ್ ತಪ್ಪಲಿನ, ಸುಮಾರು ಮೂರು ಸಾವಿರ ಜನರ ಪುಟ್ಟ ಪೇಟೆ. ಅಂಥ ಊರಿನಲ್ಲಿ ದೇಶಕ್ಕೇ ಸೆಡ್ಡು ಹೊಡೆಯುವ ಹದಿನೈದು ಜಟ್ಟಿಗಳು ಹೇಗೆ ಹುಟ್ಟಿದರು? ಹುಟ್ಟಲಿಲ್ಲ, ಬಂದರು. ಊರಿನ ಟೋಪಿ ಕಾರ್ಖಾನೆಯ ಧಣಿ ಝಾನ್ ಬೂರೆಲ್ ಬೇರೆ ತಂಡಗಳ ಹುಲಿಗಳನ್ನು ಕರೆಸಿ 'ನೌಕರಿ' ಕೊಟ್ಟರು. ಅವರಲ್ಲಿ ಎಷ್ಟು ಮಂದಿ ಟೋಪಿ ತಯಾರಿಸಿದರೋ ದೇವರಿಗೇ ಗೊತ್ತು. ರಗ್ಬಿ ಒಕ್ಕೂಟಕ್ಕೆ ಹಾಕಿದ್ದಂತೂ ಖಂಡಿತ. ಒಕ್ಕೂಟವೂ ತಲೆ ಬಗ್ಗಿಸಿ ಹಾಕಿಸಿಕೊಂಡಿತು.

ಈ ನೌಕರಿಯ ನಾಟಕ ಯಾಕೆಂದರೆ, ಆಗ ರಗ್ಬಿ ಬಲು ಮಡಿಯ ಆಟ. ಆಡಿದ್ದಕ್ಕೆ ಕಾಸು ಮುಟ್ಟಿದರೆ ಮೈಲಿಗೆ. ಈ ಮಡಿಯನ್ನು ಕಲಿಸಿದವರು ಇಂಗ್ಲೆಂಡಿನ ದೊಡ್ಡ ಮನುಷ್ಯರು. ಅಪ್ಪನ ಎಸ್ಟೇಟಿನ ಆದಾಯ ಇದ್ದವನಿಗೆ ಪುಕ್ಕಟೆ ಆಡುವುದು ಆದರ್ಶ. ಶನಿವಾರದ ಪಾಳಿ ಬಿಟ್ಟು ಬರುವ ಗಣಿ ಕೂಲಿಗೆ ಅದು ದಂಡ. ಕಳೆದುಕೊಂಡ ಕೂಲಿಯನ್ನಾದರೂ ಕೊಡಿ ಎಂದು ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಕೇಳಿದವು. ಕೊಡಲಿಲ್ಲ. 1895ರಲ್ಲಿ ಹಡರ್ಸ್‌ಫೀಲ್ಡಿನ ಹೋಟೆಲೊಂದರಲ್ಲಿ ಸಭೆ ಸೇರಿ ಬೇರೆ ಒಲೆ ಹೂಡಿದವು. ಆ ಒಲೆಯಲ್ಲಿ ಬೆಂದದ್ದೇ ಹದಿಮೂರು ಮಂದಿಯ ರಗ್ಬಿ ಲೀಗ್.

ಫ್ರಾನ್ಸ್‌ನವರಿಗೆ ಇಷ್ಟೆಲ್ಲ ರಗಳೆ ಬೇಕಿರಲಿಲ್ಲ. ಕಾಸನ್ನು ಮೇಜಿನ ಕೆಳಗೆ ಕೊಟ್ಟರೆ ಮೇಜಿನ ಮೇಲೆ ಮಡಿ ಹಾಗೇ ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಆದರೆ 1931ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ನಾಲ್ಕು ರಗ್ಬಿ ಸಂಸ್ಥೆಗಳು ಫ್ರಾನ್ಸಿನೊಂದಿಗೆ ಆಡುವುದಿಲ್ಲ ಎಂದುಬಿಟ್ಟವು. ನಿಮ್ಮಲ್ಲಿ ದುಡ್ಡೂ ಓಡಾಡುತ್ತದೆ, ಮುಷ್ಟಿಯೂ ಓಡಾಡುತ್ತದೆ ಎಂಬ ದೂರು. ಎರಡೂ ನಿಜವೇ. ಮಾನ ಉಳಿಸಿಕೊಳ್ಳಲು ಒಕ್ಕೂಟಕ್ಕೆ ತುರ್ತಾಗಿ ಒಬ್ಬ ಪಾಪಿ ಬೇಕಾಯಿತು. ಸಿಕ್ಕಿದವನು ಝಾನ್ ಗಾಲಿಯಾ. ಕಿಯಾನ್ ಗೆದ್ದಾಗ ಆ ತಂಡದಲ್ಲಿದ್ದವನು, ದೇಶಕ್ಕೂ ಆಡಿದವನು. ಅಷ್ಟು ವರ್ಷ ಕಾಣದ ಮೈಲಿಗೆ 1933ರಲ್ಲಿ ದಿಢೀರನೆ ಕಂಡು, ವೃತ್ತಿಪರನೆಂಬ ಆರೋಪದ ಮೇಲೆ ಅವನನ್ನು ಹೊರಗಿಟ್ಟರು.

ಹೊರಗಿಟ್ಟವನು ಮನೆಯಲ್ಲಿ ಕೂತು ಅತ್ತಿದ್ದರೆ ಕಥೆ ಮುಗಿಯುತ್ತಿತ್ತು. ಆ ವರ್ಷದ ಕೊನೆಯ ದಿನ ಪ್ಯಾರಿಸ್ಸಿನ ಪರ್ಶಿಂಗ್ ಮೈದಾನದಲ್ಲಿ, ಹಿಮಗಟ್ಟಿದ ನೆಲದ ಮೇಲೆ, ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ಹದಿಮೂರರ ಆಟ ಆಡಿ ತೋರಿಸಿದವು. ಆಸ್ಟ್ರೇಲಿಯಾ 63, ಇಂಗ್ಲೆಂಡ್ 13. ಅದು ಪಂದ್ಯವಲ್ಲ, ಜಾಹೀರಾತು. ಅದರ ಬೆನ್ನಿಗೇ ಮಾರ್ಚ್‌ನಲ್ಲಿ ಗಾಲಿಯಾ ಹದಿನೇಳು ಮಂದಿಯನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ಹೋದ. ಆರು ಪಂದ್ಯ, ಗೆದ್ದದ್ದು ಹಲ್ ತಂಡದ ಎದುರು ಮಾತ್ರ. ಐದು ಸೋತು ಬಂದವನು ಏಪ್ರಿಲ್ 6ಕ್ಕೆ ಫ್ರಾನ್ಸಿನಲ್ಲೂ ಹದಿಮೂರರ ಲೀಗ್ ಸ್ಥಾಪಿಸಿಯೇಬಿಟ್ಟ! ಒಂಬತ್ತು ದಿನ ಬಿಟ್ಟು ಪ್ಯಾರಿಸ್ಸಿನಲ್ಲಿ ಇಂಗ್ಲೆಂಡಿನೊಂದಿಗೆ ಮೊದಲ ಅಂತರರಾಷ್ಟ್ರೀಯ ಪಂದ್ಯ, 21–32ರಿಂದ ಸೋಲು.

ಹಾಗೆ ಶುರುವಾದ 1934–35ರ ಮೊದಲ ಹಂಗಾಮಿನಲ್ಲಿ ಒಕ್ಕೂಟದ ಹಿರಿಯರು ಎದುರುನೋಡುತ್ತಿದ್ದುದು ಲೀಗ್‌ನ ಶವಯಾತ್ರೆಯನ್ನು. ಆದರೆ ಹೊಸ ವರ್ಷದ ದಿನ ಬೋರ್ಡೋದಲ್ಲಿ ಫ್ರಾನ್ಸ್ ಹದಿಮೂರು ವೇಲ್ಸನ್ನು 18–11ರಿಂದ ಸೋಲಿಸಿತು. ಮಾರ್ಚ್‌ನಲ್ಲಿ ಇಂಗ್ಲೆಂಡಿನೊಂದಿಗೆ 15–15ರ ಸಮಬಲ. ಅದೇ ತಿಂಗಳು ಮಡಿವಂತರ ಹದಿನೈದು ಯಾರೊಂದಿಗೆ ಆಡಿತು ಅಂತೀರಿ? ಜರ್ಮನಿಯೊಂದಿಗೆ. ರಗ್ಬಿಯ ತವರಿನಲ್ಲಿ ಬಾಗಿಲು ಮುಚ್ಚಿದ ಮೇಲೆ ಸಿಕ್ಕವರೇ ನೆಂಟರು. ಹೊರಗಿಟ್ಟವರ ಮನೆಗೆ ಇಂಗ್ಲಿಷರು, ಮಡಿ ಉಟ್ಟವರ ಮನೆಗೆ ಹಿಟ್ಲರನ ನಾಡಿನವರು. ಲೀಗ್‌ನ ಕಪ್ಪನ್ನು ಕೊಟ್ಟವರು ಯಾರು ಗೊತ್ತೆ? ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡರ್ಬಿ. ಕೂಲಿಯವರ ಆಟಕ್ಕೆ ಅಪ್ಪಟ ಶ್ರೀಮಂತನ ಬೆಳ್ಳಿ! ಮೊದಲ ಕಪ್ ಲಿಯೋನ್–ವಿಲ್ಯೂರ್ಬಾನ್ ತಂಡಕ್ಕೆ ಹೋಯಿತು. ಚಾಂಪಿಯನ್ ಪಟ್ಟ? ವಿಲ್‌ನ್ಯೂವ್‌ಗೆ, ಅಂದರೆ ಗಾಲಿಯಾನ ತಂಡಕ್ಕೇ.

ಕಿಯಾನಿನಲ್ಲಿ ಟೋಪಿಯೊಳಗೆ ಇಟ್ಟು ಕೊಡುತ್ತಿದ್ದುದನ್ನು ಲೀಗ್‌ನವರು ಕೈಗೇ ಕೊಟ್ಟರು, ಅಷ್ಟೇ. ಗಾಲಿಯಾನ ಅಪರಾಧ ಕಾಸು ತೆಗೆದುಕೊಂಡದ್ದಲ್ಲ, ರಸೀದಿ ಸಹಿತ ತೆಗೆದುಕೊಳ್ಳುತ್ತೇನೆ ಎಂದದ್ದು. ಒಂದೊಂದೇ ಕ್ಲಬ್ಬು, ಒಬ್ಬೊಬ್ಬನೇ ಆಟಗಾರ ಆಚೆ ದಾಟುತ್ತಿದ್ದಂತೆ ಒಕ್ಕೂಟದವರ ನಿದ್ದೆ ಹಾರಿತು. ಮೈದಾನದಲ್ಲಿ ತಡೆಯಲಾಗಲಿಲ್ಲ.

ತಡೆಯಲು ಬಂದದ್ದು ಸರ್ಕಾರ. ಯುದ್ಧದಲ್ಲಿ ಸೋತ ಫ್ರಾನ್ಸನ್ನು ವಿಶಿಯಲ್ಲಿ ಕೂತು ಆಳುತ್ತಿದ್ದ ಮಾರ್ಷಲ್ ಪೆಟಾನ್ ಡಿಸೆಂಬರ್ 1941ರಲ್ಲಿ ಒಂದು ಆಜ್ಞೆಗೆ ಸಹಿ ಹಾಕಿದರು. ಮಾನ್ಯತೆ ನಿರಾಕರಿಸಲಾಗಿದೆ, ಆದ್ದರಿಂದ ಲೀಗ್ ವಿಸರ್ಜನೆ. ಕ್ರೀಡೆ ಕಾಸಿನಿಂದ ಕೆಡಬಾರದಲ್ಲ! ಲೀಗ್‌ನ ಆಸ್ತಿಪಾಸ್ತಿಯನ್ನೂ ರಾಷ್ಟ್ರೀಯ ಕ್ರೀಡಾ ಸಮಿತಿಗೆ ಬರೆದುಕೊಟ್ಟರು. ಆ ಮೈಲಿಗೆಯ ಆಸ್ತಿಯನ್ನು ಇಟ್ಟುಕೊಳ್ಳಲು ಮಡಿವಂತರಿಗೆ ಯಾವ ಪ್ರಾಯಶ್ಚಿತ್ತವೂ ಬೇಕಾಗಲಿಲ್ಲ.