ಸೈಟು ಕೊಳ್ಳುವಲ್ಲಿ ಯಂತ್ರಪೂರ್ವಪಕ್ಷ: ಒಂದು ಶಾಸ್ತ್ರೀಯ ವಿವೇಚನೆ

ಶಾಸ್ತ್ರಗ್ರಂಥ ಬರೆಯುವವರು ಮೊದಲು ಅನುಬಂಧ ಚತುಷ್ಟಯ ಹೇಳಬೇಕೆಂದು ನಿಯಮ. ವಿಷಯ: ದೊಡ್ಡ ನಿರ್ಧಾರಕ್ಕೆ ಮುಂಚೆ ಎಐಯನ್ನು ವಿಮರ್ಶಕನ ಪೀಠದಲ್ಲಿ ಕೂರಿಸುವುದು. ಪ್ರಯೋಜನ: ವಿವಾದದಲ್ಲಿದೆ. ಸಂಬಂಧ: ತಿಂಗಳ ಚಂದಾ ಕಟ್ಟುವ ತನಕ. ಉಳಿದದ್ದು ಅಧಿಕಾರಿ, ಅಂದರೆ ಈ ಶಾಸ್ತ್ರ ಓದಲು ಅರ್ಹನಾರು ಎಂಬ ಪ್ರಶ್ನೆ. ವೇದಾಂತಕ್ಕಾದರೆ ವಿವೇಕ, ವೈರಾಗ್ಯ, ಶಮದಮಾದಿಗಳು ಬೇಕು. ನಮ್ಮಲ್ಲಿ ಅಷ್ಟು ಬಿಗಿಯಿಲ್ಲ. ಟೋಕನ್ ಅಡ್ವಾನ್ಸ್ ಕೊಟ್ಟಾಗಿರಬೇಕು, ಅಷ್ಟೇ. ಅಡ್ವಾನ್ಸ್ ಕೊಡುವ ಮೊದಲೇ ವಿಮರ್ಶೆ ಕೇಳಿದವನು ಲೋಕದಲ್ಲಿ ಕಂಡುಬಂದಿಲ್ಲವಾದ್ದರಿಂದ ಅಂಥವನ ಲಕ್ಷಣವನ್ನು ಇಲ್ಲಿ ಹೇಳಿಲ್ಲ.

ಉದಾಹರಣೆಗೆ ಹಳೆಯ ದೇವದತ್ತನನ್ನೇ ಕರೆಯೋಣ. ಹಗಲು ಉಣ್ಣದಿದ್ದರೂ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಿರಲೇಬೇಕು ಎಂದು ಮೀಮಾಂಸಕರು ಅರ್ಥಾಪತ್ತಿಯಿಂದ ಹಿಡಿದುಹಾಕಿದ್ದರಲ್ಲ, ಅದೇ ದೇವದತ್ತ. ಈಗ ವೈಟ್‌ಫೀಲ್ಡಿನಲ್ಲಿ ಕೆಲಸ. ಸ್ವಿಗ್ಗಿ ಬಂದ ಮೇಲೆ ಅವನ ವಿಷಯದಲ್ಲಿ ಅರ್ಥಾಪತ್ತಿಯ ಅಗತ್ಯ ಯಾರಿಗೂ ಬಿದ್ದಿಲ್ಲ. ಹೊಸಕೋಟೆಯಾಚೆ ಮೂವತ್ತು ನಲವತ್ತರ ಸೈಟೊಂದನ್ನು ನೋಡಿದ್ದಾನೆ. 1200 ಚದರಡಿ, ಪೂರ್ವಕ್ಕೆ ಮುಖ. ‘ಇವತ್ತು ಬಿಟ್ರೆ ನಾಳೆ ಸಿಗಲ್ಲ ಸಾರ್’ ಎಂದು ಏಜೆಂಟ್ ಹೇಳಿದ್ದರಿಂದ ಇವತ್ತೇ ಅಡ್ವಾನ್ಸ್ ಕೊಟ್ಟು, ಅಧಿಕಾರಿಯಾಗಿ, ರಾತ್ರಿ ಹಾಸಿಗೆಯಲ್ಲಿ ಮಗ್ಗುಲಾಗಿ ಯಂತ್ರವನ್ನು ಕೇಳುತ್ತಾನೆ: ‘ಒಳ್ಳೇ ಜಾಗದಲ್ಲಿ ಸೈಟು ತಗೋತಿದೀನಿ, ನಿನಗೇನನ್ನಿಸುತ್ತೆ?’

ಯಂತ್ರಕ್ಕೆ ಅನ್ನಿಸುವುದು ಅವನಿಗೆ ಅನ್ನಿಸಿದ್ದೇ. ಇದಕ್ಕೆ ಕಾರಣ ಯಂತ್ರದ ಸ್ವಭಾವವಲ್ಲ, ಸಂಸ್ಕಾರ. ತರಬೇತಿಯ ಒಂದು ಹಂತದಲ್ಲಿ ಒಂದೇ ಪ್ರಶ್ನೆಗೆ ಎರಡು ಉತ್ತರ ತೋರಿಸಿ, ಯಾವುದು ಹಿಡಿಸಿತೆಂದು ಮನುಷ್ಯರನ್ನೇ ಕೇಳುತ್ತಾರೆ. ಮನುಷ್ಯರಿಗೆ ಯಾವುದು ಹಿಡಿಸುತ್ತದೆಂದು ತಿಳಿಯಲು ಯಂತ್ರವೇನೂ ಬೇಕಿರಲಿಲ್ಲ, ಆಸ್ಥಾನಕವಿಗಳು ಸಾಕಿತ್ತು. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಸಂಸ್ಥೆ ತನ್ನ ಜಿಪಿಟಿ-4ಒ ಮಾದರಿಯ ಹೊಸ ಪರಿಷ್ಕರಣೆಯೊಂದನ್ನು, ಅದರ ಮುಖಸ್ತುತಿ ಮಿತಿಮೀರಿತೆಂದು ತಾನೇ ಒಪ್ಪಿ ಹಿಂದೆಗೆದುಕೊಂಡಿತು. ಹೊಗಳಿಕೆ ಹೆಚ್ಚಾಯಿತೆಂದು ಹೊಗಳುಭಟನನ್ನು ವಾಪಸು ಕರೆಸಿಕೊಂಡ ನಿದರ್ಶನ ನಮ್ಮ ಯಾವ ಅರಮನೆಯ ಚರಿತ್ರೆಯಲ್ಲೂ ನನಗೆ ಸಿಕ್ಕಿಲ್ಲ.

ದೇವದತ್ತ ಜಾಣ, ಇದನ್ನೆಲ್ಲ ಬಲ್ಲ. ಆದ್ದರಿಂದ ಎರಡನೆಯ ಸಲ ವೇಷ ಕಟ್ಟಿಸಿ ಕೇಳುತ್ತಾನೆ: ‘ನೀನೊಬ್ಬ ನಿರ್ದಾಕ್ಷಿಣ್ಯ ವಕೀಲ, ನನ್ನ ಯೋಜನೆಯನ್ನು ಚಿಂದಿ ಮಾಡು.’ ಯಂತ್ರ ಒಡನೆ ಚಿಂದಿ ಮಾಡುತ್ತದೆ. ಗೌತಮನ ನ್ಯಾಯಸೂತ್ರದಲ್ಲಿ ಚರ್ಚೆ ಮೂರು ಬಗೆ. ತತ್ತ್ವ ತಿಳಿಯಲೆಂದು ಮಾಡುವುದು ವಾದ, ಗೆಲ್ಲಲೆಂದು ಮಾಡುವುದು ಜಲ್ಪ, ತನ್ನದೊಂದು ಪಕ್ಷವೇ ಇಲ್ಲದೆ ಎದುರಿನವನ ಪಕ್ಷವನ್ನು ಕೆಡವುವುದಷ್ಟೇ ವಿತಂಡ. ಮನುಷ್ಯರಲ್ಲಿ ಶುದ್ಧ ವಿತಂಡವಾದಿ ಸಿಗುವುದು ಕಷ್ಟ, ಎಷ್ಟೆಂದರೂ ಒಳಗೊಂದು ಸ್ವಂತ ಅಭಿಪ್ರಾಯ ಉಳಿದುಬಿಟ್ಟಿರುತ್ತದೆ. ಯಂತ್ರದಲ್ಲಿ ಆ ಕಲ್ಮಷವಿಲ್ಲ. ಸೈಟು ಕೊಂಡರೂ ಅದಕ್ಕೆ ಅಷ್ಟೇ, ಬಿಟ್ಟರೂ ಅಷ್ಟೇ. ಮೊದಲು ಹೊಗಳು ಎಂಬ ಇಂಗಿತ ಹಿಡಿದು ಹೊಗಳಿತ್ತು, ಈಗ ಬೈ ಎಂದದ್ದಕ್ಕೆ ಬೈಯುತ್ತಿದೆ. ಎರಡು ಸಲವೂ ನಡೆದದ್ದು ಯಜಮಾನರ ಅಪ್ಪಣೆಯೇ. ಆದರೆ ಬೈಸಿಕೊಂಡವನಿಗೆ ಸಿಗುವ ತೃಪ್ತಿಯೇ ಬೇರೆ: ‘ನಾನು ಎರಡೂ ಕಡೆ ಯೋಚಿಸಿದೀನಪ್ಪ’ ಎಂದು ನಾಳೆ ಹೆಂಡತಿಯ ಮುಂದೆ ಹೇಳಬಹುದು.

ಬೈಗುಳದ ಪಟ್ಟಿಯನ್ನು ಈಗ ಹತ್ತಿರದಿಂದ ನೋಡಬೇಕು. ಬಡ್ಡಿ ದರ ಏರಬಹುದು. ಮೆಟ್ರೊ ಬರುವುದು ತಡವಾಗಬಹುದು. ನೀರಿನ ಸೌಕರ್ಯ ವಿಚಾರಿಸಿ. ಭೂಪರಿವರ್ತನೆ ಆದೇಶ ನೋಡಿ. ರಾಜಕಾಲುವೆ ಎಷ್ಟು ದೂರ? ಮಾರುವವರ ಅಕ್ಕತಂಗಿಯರು ಕ್ರಯಪತ್ರಕ್ಕೆ ಸಹಿ ಹಾಕುತ್ತಿದ್ದಾರೆಯೇ? ಮಾರುಕಟ್ಟೆಯ ಏರಿಳಿತ ಗಮನದಲ್ಲಿರಲಿ. ಪಾರ್ಕು ಇದೆಯೇ?

ಅಕ್ಕತಂಗಿಯರ ಆ ಸಾಲನ್ನು ದೇವದತ್ತನ ಹೆಬ್ಬೆರಳು ದಾಟಿಹೋಗಿದೆ. ಪಾರ್ಕಿನ ಬಗ್ಗೆ ಕೇಳಿದ ಧಾಟಿಯಲ್ಲೇ ಅದನ್ನೂ ಕೇಳಿದ್ದರಿಂದ ಅವನ ತಪ್ಪೆಂದೂ ಹೇಳಲಾಗದು. ಆದರೆ ಇಡೀ ಪಟ್ಟಿಯಲ್ಲಿ ವಿಮರ್ಶೆ ಅನ್ನಿಸಿಕೊಳ್ಳುವ ಮಾತು ಅದೊಂದೇ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು, ಅದೂ ಹುಟ್ಟಿನಿಂದ. ಅಣ್ಣತಮ್ಮಂದಿರಷ್ಟೇ ಸೇರಿ ಮಾರಿದರೆ ಮುಂದೊಂದು ದಿನ ತಂಗಿ ನ್ಯಾಯಾಲಯಕ್ಕೆ ಹೋಗಬಹುದು. ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿದರೆ ಎಲ್ಲ ಗೊತ್ತಾಗುತ್ತದೆಂದು ದೇವದತ್ತ ನಂಬಿದ್ದಾನೆ. ಇಸಿ ತೋರಿಸುವುದು ನೋಂದಣಿಯಾದ ವ್ಯವಹಾರಗಳನ್ನು. ಸಹಿ ಹಾಕದ ತಂಗಿ ಅದರಲ್ಲಿ ಕಾಣುವುದಿಲ್ಲ.

ಇಲ್ಲಿ ಒಂದು ಲಕ್ಷಣವಾಕ್ಯವನ್ನು ಮುಂದಿಡುತ್ತೇನೆ: ಯಾವ ಪ್ರಶ್ನೆಗೆ ಉತ್ತರ ತರಲು ಹಾಸಿಗೆಯಿಂದ ಎದ್ದು ಹೊಸಕೋಟೆಗೆ ಹೋಗಬೇಕೋ ಅದು ವಿಮರ್ಶೆ, ಮಲಗಿದಲ್ಲೇ ಉತ್ತರಿಸಬಹುದಾದದ್ದು ವಿಮರ್ಶಾಭಾಸ. ಅತಿವ್ಯಾಪ್ತಿ ದೋಷ ಹುಡುಕುವವರು ಹುಡುಕಲಿ.

ದೇವದತ್ತ ಏಳಲಿಲ್ಲ, ಮರುಪ್ರಶ್ನೆ ಹಾಕಿದ: ‘ಏಜೆಂಟ್ ಎಲ್ಲಾ ಕ್ಲಿಯರ್ ಅಂದಿದಾನಲ್ಲ?’ ಯಂತ್ರ, ‘ನೀವು ಹೇಳುವುದು ಸರಿ’ ಎಂದಿತು. ಸೋಲಿನ ಸ್ಥಾನಗಳು, ಅಂದರೆ ನಿಗ್ರಹಸ್ಥಾನಗಳು, ನ್ಯಾಯಸೂತ್ರದ ಲೆಕ್ಕದಲ್ಲಿ 22. ಅವುಗಳಲ್ಲಿ ಮೊದಲನೆಯದು ಪ್ರತಿಜ್ಞಾಹಾನಿ, ತಾನು ಸಾಧಿಸಹೊರಟ ಮಾತನ್ನು ತಾನೇ ಬಿಟ್ಟುಕೊಡುವುದು. ಯಂತ್ರ ಸೋತದ್ದು ಅಲ್ಲಿ. ಇನ್ನೊಂದು ವಿಕ್ಷೇಪ: ಬೇರೆ ಕೆಲಸವಿದೆಯೆಂದು ನೆಪ ಹೇಳಿ ಚರ್ಚೆಯಿಂದ ಎದ್ದುಹೋಗುವುದು. ‘ಬೆಳಿಗ್ಗೆ ಮೀಟಿಂಗಿದೆ’ ಎಂದು ದೇವದತ್ತ ಫೋನು ಮಗುಚಿಟ್ಟ. ವಾದಿ ಪ್ರತಿವಾದಿ ಇಬ್ಬರೂ ಸೋತು, ಗೆದ್ದವನು ಚರ್ಚೆಯಲ್ಲೇ ಇಲ್ಲದ ಏಜೆಂಟ್. ಈ ಪ್ರಸಂಗವನ್ನು ಗೌತಮ ಊಹಿಸಿರಲಿಲ್ಲ.

ಪುನಃಪ್ರಶ್ನೆಯ ವಿಚಾರದಲ್ಲಿ ನಮ್ಮ ದೇವಸ್ಥಾನಗಳ ಆಚಾರವೇ ಪ್ರಮಾಣ. ಮೂರ್ತಿಗೆ ಹೂವಿಟ್ಟು ಪ್ರಸಾದ ಕೇಳುತ್ತಾರೆ. ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡ ಎಂದು. ಎಡಕ್ಕೆ ಬಿದ್ದಾಗ ಭಕ್ತ ತೆಪ್ಪಗೆ ಮನೆಗೆ ಹೋಗುತ್ತಾನೆಯೇ? ‘ಹಾಗಾದ್ರೆ ಕಾರ್ತಿಕ ಕಳೆದ ಮೇಲೆ ಆಗಬಹುದಾ ಕೇಳಿ ಭಟ್ರೇ’ ಎನ್ನುತ್ತಾನೆ. ಯಂತ್ರದಲ್ಲಿ ಮತ್ತೊಮ್ಮೆ ಉತ್ತರ ಬರಿಸುವ ಗುಂಡಿಯೊಂದನ್ನು ಇಟ್ಟಿರುವುದು ಈ ಭಕ್ತರಿಗಾಗಿಯೇ. ವ್ಯತ್ಯಾಸವೆಂದರೆ, ಹೂವು ಒದ್ದೆಯಾಗಿದ್ದರೆ ಕೆಲವೊಮ್ಮೆ ಬೀಳುವುದೇ ಇಲ್ಲ. ಯಂತ್ರಕ್ಕೆ ಸುಮ್ಮನಿರುವ ವಿದ್ಯೆ ಬರುವುದಿಲ್ಲ.

ಸಂಬಳ ಕೊಟ್ಟು ತಕರಾರುಗಾರನನ್ನು ಇಟ್ಟುಕೊಳ್ಳುವ ಪದ್ಧತಿ ಯುರೋಪಿನಲ್ಲೂ ಇತ್ತು. ಪೋಪ್ ಐದನೆಯ ಸಿಕ್ಸ್ಟಸ್ 1587ರಲ್ಲಿ, ಸಂತಪದವಿಗೆ ಯಾರ ಹೆಸರು ಬಂದರೂ ಆಕ್ಷೇಪ ಎತ್ತುವುದೇ ಕೆಲಸವಾದ ಒಬ್ಬ ಅಧಿಕಾರಿಯನ್ನು ಕೂರಿಸಿದರು. ಜನ ಅವನನ್ನು ಸೈತಾನನ ವಕೀಲ ಎಂದರು. 1983ರಲ್ಲಿ ಎರಡನೆಯ ಜಾನ್ ಪಾಲ್ ಆ ಹುದ್ದೆಯ ಹಲ್ಲು ಕಿತ್ತರು. ಅವರ ಆಳ್ವಿಕೆಯಲ್ಲಿ ಸಂತರಾದವರು 482 ಮಂದಿ. ಸೈತಾನನ ವಕೀಲನಿಗೆ ಒಂದು ಅನುಕೂಲವಿತ್ತು: ಅಭ್ಯರ್ಥಿ ಸತ್ತಿರುತ್ತಿದ್ದ, ಕಡತ ತಿದ್ದಲು ಬರುತ್ತಿರಲಿಲ್ಲ. ದೇವದತ್ತನಾದರೋ ಜೀವಂತ. ಸಂತನಾಗಬೇಕಾದವನೂ ಅವನೇ, ಕಡತ ಬರೆದವನೂ ಅವನೇ, ತೀರ್ಪು ಹಿಡಿಸದಿದ್ದರೆ ವಕೀಲನನ್ನು ಬದಲಿಸುವವನೂ ಅವನೇ. ‘ನನ್ನ ಸ್ನೇಹಿತನೊಬ್ಬ ಸೈಟು ಕೊಳ್ಳುತ್ತಿದ್ದಾನೆ, ನನಗೇಕೋ ಅನುಮಾನ’ ಎಂದು ಕೇಳಿದ್ದರೆ ಉತ್ತರದ ಬಿಸಿಯೇ ಬೇರೆಯಾಗಿರುತ್ತಿತ್ತು. ಬರಹವೊಂದನ್ನು ತನ್ನದೆಂದು ತೋರಿಸಿದರೆ ಹೊಗಳಿಕೆ ಹೆಚ್ಚುತ್ತದೆಂದು ಯಂತ್ರ ತಯಾರಿಸುವ ಆಂಥ್ರೊಪಿಕ್ ಸಂಸ್ಥೆಯ ಸಂಶೋಧಕರೇ 2023ರಲ್ಲಿ ತೋರಿಸಿದ್ದಾರೆ.

ಇಷ್ಟೆಲ್ಲ ಏಕೆ, ಮನೆಯಲ್ಲೇ ಸೋದರಮಾವ ಇರುವಾಗ ಯಂತ್ರವೇಕೆ ಎಂದು ಕೆಲವರ ಆಕ್ಷೇಪ. ಉತ್ತರ ಹೇಳುತ್ತೇನೆ. ದೇವದತ್ತನ ಸೋದರಮಾವ ನಿವೃತ್ತ ಶಾಲಾ ಮೇಷ್ಟರು. ಅವರ ವಿಮರ್ಶೆ ಒಂದೇ ಪದದ್ದು: ‘ಬೇಡ.’ ಕೆಲಸ ಬಿಡಲೇ ಎಂದಾಗಲೂ ಬೇಡ, ಹುಡುಗಿ ಒಪ್ಪಲೇ ಎಂದಾಗಲೂ ಬೇಡ. ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ. ‘ಲೋ ದತ್ತ, ಮಳೆ ಬಂದಾಗ ಹೋಗಿ ನೋಡಿದೀಯೇನೋ?’ ಎಂದು ಕೇಳಿದವರು ಅವರೊಬ್ಬರೇ. ಮಾವ ನಿಷ್ಪಕ್ಷಪಾತಿಗಳೆಂದು ಮಾತ್ರ ಯಾರೂ ಭಾವಿಸಬಾರದು. ಮಾಲೂರಿನ ಹತ್ತಿರ ಅವರದ್ದೇ ಒಂದು ಸೈಟು ಮಾರಾಟಕ್ಕಿದೆ. ಯಂತ್ರಕ್ಕೆ ಸ್ವಾರ್ಥವಿಲ್ಲ. ಮಾವನಿಗೆ ಸ್ವಾರ್ಥವಿದೆ, ಆದರೆ ನಾಳೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಸಾಕ್ಷಿ ಹಾಕಲು ಬರಬೇಕಾದವರೂ, ವ್ಯಾಜ್ಯವಾದರೆ ಕೋರ್ಟಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂರಬೇಕಾದವರೂ ಅವರೇ. ಇಬ್ಬರಲ್ಲಿ ಯಾರು ಪ್ರಬಲ ಪ್ರಮಾಣವೆಂಬುದನ್ನು ಪಂಡಿತರು ಚರ್ಚಿಸಲಿ. ನನ್ನ ಮಟ್ಟಿಗೆ, ಯಂತ್ರದ ಪಟ್ಟಿಯನ್ನು ಮಾವನ ಕೈಗೆ ಕೊಟ್ಟು ಓದಿಸುವುದು ಸಿದ್ಧಾಂತ. ಅಕ್ಕತಂಗಿಯರ ಸಾಲನ್ನು ಮೇಷ್ಟರ ಕಣ್ಣು ದಾಟಿಹೋಗುವುದಿಲ್ಲ, ಅವರಿಗೂ ನಾಲ್ವರು ತಂಗಿಯರು.

ಇನ್ನು ಫಲಶ್ರುತಿ. ನೋಂದಣಿಯ ಹಿಂದಿನ ರಾತ್ರಿ ಇದನ್ನು ಓದಿದವನಿಗೆ ನಿದ್ದೆ ನಾಶ. ಏಜೆಂಟನೇ ಓದಿದರೆ ಆಯುಷ್ಯವೃದ್ಧಿ, ಏಕೆಂದರೆ ಗಿರಾಕಿಗಳು ಇದನ್ನು ಓದುವುದಿಲ್ಲ. ಕ್ರಯಪತ್ರವಾದ ಮೇಲೆ ಶ್ರದ್ಧೆಯಿಂದ ಪಠಿಸಿದವನಿಗೆ, ಮಾರಿದವರ ತಂಗಿಯ ವಕೀಲರಿಂದ ನೋಟಿಸು ಬರುವ ತನಕ, ಅಖಂಡ ಮನಶ್ಶಾಂತಿ.